ಎಡದ ಮೂಲೆ

ಹಿಮದ ಭಾರಕ್ಕೆ ತೊಲೆ ಬಿರಿದ ಮೇಲೆ
ನಮ್ಮೂರಿನ ಐಸ್ ಹಾಲಿಗೆ ನಗರಸಭೆ ಬೀಗ ಜಡಿಯಿತು.
ಲ್ಯಾಪ್‌ಲ್ಯಾಂಡಿನ ಜನವರಿ,
ಸೂರ್ಯ ಹಾಗೆ ಬಂದು ಹೀಗೆ ಹೋಗುವ ಕಾಲ.

ನಾನು ಸ್ಕೇಟಿಗೆ ಸಾಣೆ ಹಿಡಿಯುವವಳು.
ರೇಯೊ ಕಲ್ಲುಂಕಿ ಐಸು ಸಾರಿಸುವ ಯಂತ್ರದ ಚಾಲಕ,
ಮೂವತ್ತೊಂದು ವರ್ಷ ಒಂದೇ ಸೀಟು, ಒಂದೇ ಟೋಪಿ.
ಇಬ್ಬರಿಗೂ ಕೆಲಸವಿಲ್ಲ. ಕ್ಯಾಂಟೀನಿನ ಬೀಗದಕೈ ಮಾತ್ರ
ಯಾರೂ ಕೇಳದ ಕಾರಣ ನನ್ನ ಬಳಿಯೇ ಉಳಿದಿತ್ತು.

ಆಡಲು ನೆಲವಿಲ್ಲದ ಮಕ್ಕಳು ಅಲ್ಲಿಗೇ ಬಂದರು.
ವೇತಿ, ಹನ್ನೆರಡರ ಪೋರ,
ಶಾಲೆಯವರು ಎಸೆದ ಕಂಪ್ಯೂಟರನ್ನು
ಹಿಮದ ಬಂಡಿಯಲ್ಲಿ ಎಳೆದು ತಂದ.
ಅದರೊಳಗೆ ಅವನಪ್ಪ ಹುಡುಗನಾಗಿದ್ದಾಗಿನ ಹಾಕಿ.
"ಆ ಹಳೇ ಪೆಟ್ಟಿಗೆ ಸತ್ತುಹೋಯ್ತು," ಎಂದ,
"ಇದು ಅದರ ವೇಷ ಹಾಕಿಕೊಳ್ಳುತ್ತೆ.
ತಾನು ಬೇರೆ ಮೈಯಲ್ಲಿದ್ದೀನಿ ಅಂತ
ಆಟಕ್ಕೆ ಗೊತ್ತೇ ಆಗಲ್ಲ."

ಉಗುರಿನಷ್ಟು ಆಟಗಾರರು, ಮುಖವಿಲ್ಲ,
ಬೆನ್ನಿಗೆ ಅಂಕಿ ಹೊತ್ತು ಓಡುತ್ತಾರೆ.
ಒಂದು ಕೀಬೋರ್ಡಿಗೆ ಇಬ್ಬರು ಬಾಗಿದರೆ ಮೊಣಕೈ ಜಗಳ;
ನಾಲ್ಕು ಕೀಲಿ ಒಟ್ಟಿಗೆ ಒತ್ತಿದರೆ ಐದನೆಯದು ಕಿವುಡು,
ನೆಲ್ಲಾಳ ಗೋಲ್‌ಕೀಪರ್ ಗರಬಡಿದು ನಿಂತೇಬಿಡುತ್ತಾನೆ.
"ಮೋಸ!" ಅವಳು.
"ಕೀಬೋರ್ಡನ್ನು ಬೈಯ್ಯಿ," ಇವನು.
ತಾನೇ ಸೋಲುವಾಗ ಮಾತ್ರ ವೇತಿ ಒಂದು ಗುಂಡಿ ಒತ್ತಿ
ಉಳಿಸಿಟ್ಟ ಗಳಿಗೆಗೆ ಮರಳುತ್ತಾನೆ,
ಚೆಲ್ಲಿದ ಗಂಜಿಯನ್ನು
ಮತ್ತೆ ಪಾತ್ರೆಗೆ ತುಂಬಿಕೊಂಡವನ ಹಾಗೆ.

ರೇಯೊ ವಾರವಿಡೀ ಬೆನ್ನು ತಿರುಗಿಸಿ ಕಾಫಿ ಕುಡಿದ.
ಒಂದು ಸಂಜೆ ಮೊದಲ ಅವಧಿ ಮುಗಿದಾಗ
ಪರದೆಗೆ ಪುಟ್ಟ ಯಂತ್ರವೊಂದು ಬಂತು,
ಹಬ್ಬದ ಮುಂಜಾನೆ ಅಂಗಳ ಸಾರಿಸುವ ಹಾಗೆ
ಗೀರು ಬಿದ್ದ ಐಸನ್ನು ಸಾರಿಸುತ್ತ.
ವೇತಿಯ ಬೆರಳು ಮುಂದೋಡಿಸುವ ಕೀಲಿಗೆ ಹೋಯಿತು.
"ತೆಗಿ ಕೈ," ಎಂದ ರೇಯೊ.
ಅಷ್ಟು ದಿನಕ್ಕೆ ಅವನಾಡಿದ ಮೊದಲ ಮಾತು.

ಅಂದಿನಿಂದ ವಿರಾಮವನ್ನು ಯಾರೂ ಹಾರಿಸುವಂತಿಲ್ಲ.
ಮೂಗು ಗಾಜಿಗೆ ತಾಗುವಷ್ಟು ಬಾಗಿ ನೋಡುತ್ತಾನೆ:
"ತಿರುವಿನಲ್ಲಿ ಅವಸರ.
ನೋಡು ನೋಡು, ಎಡದ ಮೂಲೆ ಬಿಟ್ಟ.
ನಿನ್ನೆಯೂ ಬಿಟ್ಟಿದ್ದ.
ಇವನಿಗೆ ಸಂಬಳ ಕೊಡುವವರು ಯಾರಪ್ಪಾ?"
ನಾನು ತುಟಿ ಕಚ್ಚಿ ಸುಮ್ಮನಿದ್ದೆ.
ನಮ್ಮ ಹಾಲಿನ ಎಡದ ಮೂಲೆಯಲ್ಲಿ ಎಡವಿದ
ಎಷ್ಟು ಅಲಗುಗಳ ಬಾಯಿ ನಾನು ತಿದ್ದಿಲ್ಲ!

ವೇತಿಗೆ ಮಾತ್ರ ಅದು ಹುಳದ ಹಾಗೆ ಹೊಕ್ಕಿತು.
ಆಟದ ಹೊಟ್ಟೆ ಬಗೆದು,
ಅಂಕಿಯೂ ಅಕ್ಷರವೂ ಕಲಸಿಹೋದ ಸಾಲುಗಳಲ್ಲಿ
ನಾಲ್ಕು ರಾತ್ರಿ ತಡಕಾಡಿ
ಯಂತ್ರದ ದಾರಿ ಬರೆದ ಕಡೆಯನ್ನು ಹಿಡಿದ.
ಒಂದೇ ಒಂದು ಅಂಕಿ ಬದಲಿಸಿದ.
ಶುಕ್ರವಾರ ರೇಯೊಗೆ ತಾನೇ ಕುರ್ಚಿ ಎಳೆದುಕೊಟ್ಟ.

ಬಂತು. ತಿರುಗಿತು.
ಎಡದ ಮೂಲೆಗೆ ನೆಟ್ಟಗೆ ಹೊರಟಿತು,
ಮುಟ್ಟಿತು,
ನಿಲ್ಲಲಿಲ್ಲ.
ಹಲಗೆಯ ಗೋಡೆಯೊಳಗೇ ಹಾದು
ಚುಕ್ಕಿ ಚುಕ್ಕಿ ಪ್ರೇಕ್ಷಕರ ಮೇಲೆ ಬಿಳಿ ಪಟ್ಟೆ ಎಳೆಯುತ್ತ
ಪರದೆಯ ಅಂಚು ದಾಟಿ
ಹೊರಟೇಹೋಯಿತು.

ಖಾಲಿ ಐಸು. ಆರ್ಗನ್ನಿನ ಎರಡು ಸಾಲಿನ ರಾಗ
ಮುಗಿದು ಮೊದಲಾಗಿ ಮುಗಿದು ಮೊದಲಾಗಿ.
ಯಂತ್ರ ಮರಳದೆ ಎರಡನೆಯ ಅವಧಿ ಶುರುವಾಗದಂತೆ.
"ಉಳಿಸಿಟ್ಟಿದ್ದೀಯಲ್ಲ, ಹಿಂದಕ್ಕೆ ಹೋಗೋ," ನೆಲ್ಲಾ ಅಂದಳು.
ವೇತಿಯ ಕಿವಿ ಕೆಂಪಾಗಿತ್ತು,
ಬೆರಳು ಗುಂಡಿಯ ಮೇಲಿತ್ತು.

ರೇಯೊ ಟೋಪಿ ತೆಗೆದು ಮೊಣಕಾಲಿಗೆ ಸಿಕ್ಕಿಸಿದ.
"ಇರಲಿ ಬಿಡು," ಎಂದ.
"ಹೊರಗೆ ಸರೋವರದ ತನಕ ಐಸೇ ಐಸು.
ಪಾಪ, ಒಬ್ಬನೇ. ಹೊತ್ತಾಗುತ್ತೆ."

ನಾನು ಕಾಫಿಗೆ ನೀರಿಟ್ಟೆ.
ನಾವಿದ್ದದ್ದು ನಾಲ್ವರು.
ಲೋಟ ಐದು ತೊಳೆದೆ.